ವಾದ ಬಿಡಲಿಲ್ಲ, ಸ್ನೇಹ ಕಡಿಯಲಿಲ್ಲ: ರಾಜಾಜಿ ಬಾಳಿನ ಒಂದು ಪಾಠ

ಚುನಾವಣೆ ಬಂತೆಂದರೆ ಈಗ ನಮ್ಮ ಮನೆಗಳಲ್ಲೂ ಒಂದು ಬಗೆಯ ಬಿಗುವು ಬರುತ್ತದೆ. ಭಾವ ಒಂದು ಪಕ್ಷ, ಮೈದುನ ಇನ್ನೊಂದು ಪಕ್ಷ. ವಾಟ್ಸಾಪ್‌ನಲ್ಲಿ ಯಾರೋ ಬರೆದ ನಾಲ್ಕು ಸಾಲನ್ನು ಇನ್ಯಾರೋ ಮುಂದಕ್ಕೆ ಕಳುಹಿಸುತ್ತಾರೆ. ಅದಕ್ಕೆ ಉತ್ತರ, ಉತ್ತರಕ್ಕೆ ಮರು ಉತ್ತರ. ಕೊನೆಗೆ ಒಬ್ಬರು ಗುಂಪು ಬಿಟ್ಟು ಹೋಗುತ್ತಾರೆ. ಅಲ್ಲಿಗೇ ಮುಗಿದರೆ ಚಿಂತೆಯಿಲ್ಲ. ಮುಂದೆ ಗೃಹಪ್ರವೇಶಕ್ಕೆ ಕರೆಯೋಲೆ ಹೋಗುವುದಿಲ್ಲ, ಹೋದರೂ ಅವರು ಬರುವುದಿಲ್ಲ. ಮೂವತ್ತು ನಲವತ್ತು ವರ್ಷ ಒಟ್ಟಿಗೆ ದುಡಿದು ಸಂಘ ಕಟ್ಟಿದವರು ವಾರ್ಷಿಕ ಮಹಾಸಭೆಯಲ್ಲಿ ಎದುರು ಬದುರು ಸಾಲಿನಲ್ಲಿ ಕುಳಿತು ಮುಖ ತಿರುಗಿಸಿಕೊಳ್ಳುತ್ತಾರೆ. ಊರು ಬಿಟ್ಟು ಪರವೂರಿನಲ್ಲಿ ನೆಲೆ ನಿಂತ ನಮಗೆ ಇದು ಸಣ್ಣ ನಷ್ಟವಲ್ಲ. ಇಲ್ಲಿ ಕಷ್ಟಸುಖಕ್ಕೆ ಆಗುವವರು ನಮ್ಮವರೇ ಬೆರಳೆಣಿಕೆಯ ಮಂದಿ.

ಇಂತಹ ಹೊತ್ತಿನಲ್ಲಿ ನೆನಪಿಗೆ ಬರುವ ಹಿರಿಯರೊಬ್ಬರು ಚಕ್ರವರ್ತಿ ರಾಜಗೋಪಾಲಾಚಾರಿ. ಜನರ ಬಾಯಲ್ಲಿ ರಾಜಾಜಿ. ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ತೀರಿಕೊಂಡದ್ದು 1972ರ ಡಿಸೆಂಬರ್ 25ರಂದು. ಜನ್ಮದಿನ, ಪುಣ್ಯತಿಥಿ ಎರಡೂ ಒಂದೇ ತಿಂಗಳಲ್ಲಿ ಬರುತ್ತವೆ. ಸ್ವತಂತ್ರ ಭಾರತದ ಏಕೈಕ ಭಾರತೀಯ ಗವರ್ನರ್ ಜನರಲ್, ಮದರಾಸಿನ ಮುಖ್ಯಮಂತ್ರಿ, ಭಾರತರತ್ನ ಎಂದೆಲ್ಲ ಶಾಲಾ ಪುಸ್ತಕದಲ್ಲಿ ಓದಿದ್ದೇವೆ. ಅವರು ತಮ್ಮ ಕಾಲದ ಬಹುಪಾಲು ದೊಡ್ಡವರೊಡನೆ ಒಂದಲ್ಲ ಒಂದು ವಿಷಯಕ್ಕೆ ಕಟುವಾಗಿ ಭಿನ್ನಾಭಿಪ್ರಾಯ ತಾಳಿದರು ಎಂಬುದೂ, ಆದರೂ ಅವರಲ್ಲಿ ಹಲವರ ಬಾಗಿಲು ರಾಜಾಜಿಗೆ ಮುಚ್ಚಲಿಲ್ಲ, ರಾಜಾಜಿಯ ಬಾಗಿಲು ಅವರಿಗೆ ಮುಚ್ಚಲಿಲ್ಲ ಎಂಬುದೂ ಅಷ್ಟಾಗಿ ಹೇಳಲ್ಪಡದ ಸಂಗತಿ. ಈ ಲೇಖನದ ಉದ್ದೇಶ ಅದನ್ನು ನೆನಪಿಸುವುದು.

ಬೆಂಗಳೂರಿನ ಓದು, ಬಾಳಿನುದ್ದದ ಗೆಳೆಯ

ರಾಜಾಜಿಯ ಹುಟ್ಟೂರು ತೊರಪಳ್ಳಿ. ನಮ್ಮ ಬೆಂಗಳೂರಿಗೆ ಕೂಗಳತೆಯಲ್ಲಿರುವ ಹೊಸೂರಿನ ಪಕ್ಕದ ಹಳ್ಳಿ. ಮನೆಮಾತು ತಮಿಳು. ಆದರೆ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುವ ಗಡಿಸೀಮೆ ಅದು. ಹೊಸೂರಿನಲ್ಲಿ ಶಾಲೆ ಮುಗಿಸಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಅಲ್ಲಿ ಸಿಕ್ಕ ಸಹಪಾಠಿ ನವರತ್ನ ರಾಮರಾಯರು. ಮುಂದೆ ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಹೆಸರು ಮಾಡಿ, ಕನ್ನಡದಲ್ಲಿ 'ಕೆಲವು ನೆನಪುಗಳು' ಎಂಬ ಸೊಗಸಾದ ಪುಸ್ತಕ ಬರೆದವರು ಇವರೇ.

ಇಬ್ಬರ ದಾರಿ ಬೇರೆಯಾಯಿತು. ಒಬ್ಬರು ಸರಕಾರಿ ನೌಕರಿಯಲ್ಲಿದ್ದರು, ಇನ್ನೊಬ್ಬರು ಬ್ರಿಟಿಷ್ ಸರಕಾರದ ವಿರುದ್ಧ ಜೈಲು ಸೇರುವ ಚಳವಳಿಗಾರರಾದರು. ಸಂಬಳದ ಕೆಲಸದಲ್ಲಿರುವವರು ಇಂತಹ ಗೆಳೆಯರಿಂದ ನಾಲ್ಕು ಹೆಜ್ಜೆ ದೂರ ಸರಿಯುವುದು ಅಂದಿಗೂ ಇಂದಿಗೂ ಲೋಕಾರೂಢಿ. ಇವರ ವಿಷಯದಲ್ಲಿ ಹಾಗಾಗಲಿಲ್ಲ. ಬೆಂಗಳೂರಿನ ಆ ಗೆಳೆತನ ಮುಪ್ಪಿನವರೆಗೂ ಉಳಿದು ಬಂತು.

ಮದರಾಸಿನಲ್ಲಿ ಕಾನೂನು ಓದಿ, 1900ರ ಹೊತ್ತಿಗೆ ರಾಜಾಜಿ ಸೇಲಂ ಪಟ್ಟಣದಲ್ಲಿ ವಕೀಲಿ ಆರಂಭಿಸಿದರು. ವೃತ್ತಿ ಚೆನ್ನಾಗಿ ಕೈಹಿಡಿಯಿತು. ಆದರೆ ನಲವತ್ತು ತುಂಬುವ ಮೊದಲೇ ಪತ್ನಿ ಅಲಮೇಲು ಮಂಗಮ್ಮ ತೀರಿಕೊಂಡರು. ಐವರು ಮಕ್ಕಳನ್ನು ಸಾಕಿಕೊಂಡೇ ಅವರು ಸಾರ್ವಜನಿಕ ಕೆಲಸಕ್ಕೆ ಇಳಿದರು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು.

ಈರೋಡಿನ ಕನ್ನಡ ಮನೆಮಾತಿನ ಮಿತ್ರ

ಸೇಲಂಗೆ ನೆರೆಯ ಊರು ಈರೋಡು. ಅಲ್ಲಿ ದೊಡ್ಡ ವ್ಯಾಪಾರಿ ಮನೆತನದ ಒಬ್ಬರು ಇದೇ ಕಾಲದಲ್ಲಿ ಪುರಸಭೆಯ ಅಧ್ಯಕ್ಷರಾಗಿದ್ದರು. ಅವರೇ ಇ.ವಿ. ರಾಮಸ್ವಾಮಿ, ಮುಂದೆ ತಮಿಳುನಾಡು ಪೆರಿಯಾರ್ ಎಂದು ಕರೆದ ವ್ಯಕ್ತಿ. ಅವರ ಮನೆಮಾತು ಕನ್ನಡವಾಗಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ರಾಜಾಜಿಗಿಂತ ಹತ್ತು ತಿಂಗಳಿಗೂ ಕಡಿಮೆ ಕಿರಿಯರು. ನೀರು, ರಸ್ತೆ, ನೈರ್ಮಲ್ಯದ ಚಿಂತೆಯಲ್ಲಿದ್ದ ಇಬ್ಬರು ಪುರಸಭಾ ಅಧ್ಯಕ್ಷರ ನಡುವೆ ಸ್ನೇಹ ಬೆಳೆಯಿತು. ಪೆರಿಯಾರ್ ಅವರನ್ನು ಕಾಂಗ್ರೆಸಿಗೆ ಕರೆತಂದವರಲ್ಲಿ ರಾಜಾಜಿ ಪ್ರಮುಖರು. ಪೆರಿಯಾರ್ ಖಾದಿ ಹೊತ್ತು ಮಾರಿದರು, ಮದ್ಯಪಾನ ವಿರೋಧಕ್ಕಾಗಿ ತಮ್ಮ ತೋಟದ ತೆಂಗಿನ ಮರಗಳನ್ನೇ ಕಡಿಸಿದರು.

ಆದರೆ ಈ ಜೊತೆ ಹೆಚ್ಚು ವರ್ಷ ನಡೆಯಲಿಲ್ಲ. ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಬೇಕೆಂಬ ಬೇಡಿಕೆಗೆ ಕಾಂಗ್ರೆಸ್ ಕಿವಿಗೊಡಲಿಲ್ಲವೆಂದು 1925ರಲ್ಲಿ, ಕಾಂಚೀಪುರಂ ಸಮ್ಮೇಳನದ ಬಳಿಕ ಪೆರಿಯಾರ್ ಆ ಪಕ್ಷದಿಂದ ಹೊರಬಂದರು. ಸ್ವಾಭಿಮಾನ ಚಳವಳಿ ಕಟ್ಟಿದರು. ದೇವರು, ಪುರಾಣ, ಜಾತಿ, ಪುರೋಹಿತಶಾಹಿ ಎಲ್ಲವನ್ನೂ ಬಹಿರಂಗವಾಗಿ ಖಂಡಿಸಿದರು. ಅದೇ 1925ರಲ್ಲಿ ರಾಜಾಜಿ ತಿರುಚೆಂಗೋಡಿನ ಬಳಿ ಗಾಂಧಿ ಆಶ್ರಮ ತೆರೆದು ನೂಲುವುದು, ನೇಯುವುದು, ಮದ್ಯಪಾನ ಬಿಡಿಸುವುದು, ಹರಿಜನ ಸೇವೆ ಎಂದು ಕುಳಿತರು. ಒಬ್ಬರು ನಾಸ್ತಿಕರು, ಇನ್ನೊಬ್ಬರು ರಾಮಾಯಣ ಮಹಾಭಾರತಗಳನ್ನು ಮನೆಮನೆಗೆ ತಲುಪಿಸಲು ಹೊರಟ ಅಯ್ಯಂಗಾರ್ಯರು. ಇವರಿಬ್ಬರ ನಡುವಿನ ಕಂದಕ ಎಷ್ಟು ಆಳವೆಂದು ಬಿಡಿಸಿ ಹೇಳಬೇಕಾಗಿಲ್ಲ.

1937ರಲ್ಲಿ ರಾಜಾಜಿ ಮದರಾಸು ಪ್ರಾಂತ್ಯದ ಪ್ರಧಾನಿಯಾದರು. ಆಗ ಪ್ರಾಂತ್ಯದ ಮುಖ್ಯಸ್ಥರನ್ನು ಹಾಗೆಯೇ ಕರೆಯುತ್ತಿದ್ದರು. ಸೇಲಂ ಜಿಲ್ಲೆಯಿಂದ ಪಾನನಿಷೇಧ ಆರಂಭಿಸಿದರು. ದೇವಾಲಯ ಪ್ರವೇಶಕ್ಕೆ ಕಾನೂನಿನ ಬೆಂಬಲ ಕೊಟ್ಟರು. ಇವು ಒಳ್ಳೆಯ ಕೆಲಸಗಳು. ಜೊತೆಗೆ 1938ರಲ್ಲಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ತಮಿಳು ನಾಡು ಭುಗಿಲೆದ್ದಿತು. ಸಾವಿರಕ್ಕೂ ಹೆಚ್ಚು ಮಂದಿ ಜೈಲು ಸೇರಿದರು. ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ತರುಣರು ಸೆರೆಯಲ್ಲಿದ್ದಾಗಲೇ ಪ್ರಾಣಬಿಟ್ಟರು. ಚಳವಳಿಯ ಮುಂಚೂಣಿಯಲ್ಲಿದ್ದ ಪೆರಿಯಾರ್ ಕೂಡ ಬಂಧಿತರಾಗಿ ಬಳ್ಳಾರಿ ಜೈಲಿನಲ್ಲಿ ಇದ್ದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹೀಗೆ ಗೆಳೆಯನ ಸರಕಾರವೇ ಗೆಳೆಯನನ್ನು ಜೈಲಿಗೆ ಹಾಕಿತು.

ಇದು ಸಾಮಾನ್ಯ ಪೆಟ್ಟಲ್ಲ. 1939ರ ಅಕ್ಟೋಬರಿನಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಕಾಂಗ್ರೆಸ್ ಸರಕಾರಗಳು ರಾಜೀನಾಮೆ ಕೊಟ್ಟವು, ಮುಂದಿನ ವರ್ಷ ಕಡ್ಡಾಯ ಹಿಂದಿಯ ಆಜ್ಞೆ ರದ್ದಾಯಿತು. ವಿಷಯದಲ್ಲಿ ಗೆದ್ದವರು ಪೆರಿಯಾರ್. ಆದರೂ ಇಬ್ಬರ ನಡುವಿನ ವೈಯಕ್ತಿಕ ಗೌರವ ಅಳಿಯಲಿಲ್ಲ. ವೇದಿಕೆಯಲ್ಲಿ ಒಬ್ಬರನ್ನೊಬ್ಬರು ಹಣ್ಣುಗಾಯಿ ಮಾಡಿದ ಈ ಇಬ್ಬರು ಮುಖಾಮುಖಿಯಾದಾಗ ಹಳೆಯ ಸೇಲಂ, ಈರೋಡಿನ ಮಿತ್ರರೇ ಆಗಿರುತ್ತಿದ್ದರು.

ಪುಣೆಯಲ್ಲಿ ಬೀಗರು, ಪ್ರಯಾಗದಲ್ಲಿ ಭಿನ್ನರು

ಇನ್ನು ಗಾಂಧೀಜಿ. 1919ರಲ್ಲಿ ಮದರಾಸಿನಲ್ಲಿ ರಾಜಾಜಿಯ ಅತಿಥಿಯಾಗಿದ್ದಾಗಲೇ ರೌಲಟ್ ಕಾಯಿದೆಯ ವಿರುದ್ಧ ದೇಶವ್ಯಾಪಿ ಹರತಾಳದ ಯೋಚನೆ ಗಾಂಧೀಜಿಗೆ ಹೊಳೆದದ್ದು. 1930ರಲ್ಲಿ ದಂಡಿಯ ಮಾದರಿಯಲ್ಲೇ ರಾಜಾಜಿ ತಿರುಚಿನಾಪಳ್ಳಿಯಿಂದ ವೇದಾರಣ್ಯದ ಕಡಲ ತೀರಕ್ಕೆ ಸುಮಾರು 150 ಮೈಲು ನಡೆದು ಉಪ್ಪು ಎತ್ತಿ ಜೈಲಿಗೆ ಹೋದರು.

ಗಾಂಧೀಜಿಯ ಕಿರಿಯ ಮಗ ದೇವದಾಸ, ರಾಜಾಜಿಯ ಕಿರಿಯ ಮಗಳು ಲಕ್ಷ್ಮಿ ಪರಸ್ಪರ ಮೆಚ್ಚಿಕೊಂಡರು. ಜಾತಿ ಬೇರೆ, ಭಾಷೆ ಬೇರೆ. ತಂದೆಯಂದಿರಿಬ್ಬರೂ ಒಪ್ಪುವ ಮುನ್ನ ಮಕ್ಕಳಿಗೆ ದೀರ್ಘ ಕಾಯುವಿಕೆಯ ಪರೀಕ್ಷೆ ಒಡ್ಡಿದರು. ಮಕ್ಕಳು ಕಾದರು. 1933ರ ಜೂನ್ 16ರಂದು ನಮ್ಮ ಪುಣೆಯ ಪರ್ಣಕುಟಿ ಬಂಗಲೆಯಲ್ಲಿ ಮದುವೆ ನಡೆಯಿತು. 21 ದಿನಗಳ ಉಪವಾಸ ಮುಗಿಸಿ ಗಾಂಧೀಜಿ ಆಗತಾನೆ ಚೇತರಿಸಿಕೊಳ್ಳುತ್ತಿದ್ದರು. ಹೀಗೆ ಗುರುಶಿಷ್ಯರು ಬೀಗರಾದರು.

ಬೀಗತನ ಕೂಡಿ ಒಂಬತ್ತು ವರ್ಷಕ್ಕೆ ರಾಜಕೀಯದ ದೊಡ್ಡ ಬಿರುಕು ಕಾಣಿಸಿತು. 1942ರಲ್ಲಿ ಜಪಾನ್ ಬರ್ಮಾ ದಾಟಿ ಬರುವ ಭೀತಿ ಇತ್ತು. ಮುಸ್ಲಿಂ ಲೀಗ್‌ನ ಬೇಡಿಕೆಯನ್ನು ತತ್ವಶಃ ಒಪ್ಪಿ, ಅವರನ್ನು ಜೊತೆಗೆ ತೆಗೆದುಕೊಂಡು ರಾಷ್ಟ್ರೀಯ ಸರಕಾರ ರಚಿಸಬೇಕು ಎಂಬುದು ರಾಜಾಜಿಯ ನಿಲುವು. ಪ್ರಯಾಗದಲ್ಲಿ, ಅಂದರೆ ಅಲಹಾಬಾದಿನಲ್ಲಿ ನಡೆದ ಕಾಂಗ್ರೆಸ್ ಸಮಿತಿ ಸಭೆ ಅದನ್ನು ಭಾರೀ ಬಹುಮತದಿಂದ ತಳ್ಳಿಹಾಕಿತು. ಕ್ವಿಟ್ ಇಂಡಿಯಾ ಚಳವಳಿಯನ್ನೂ ರಾಜಾಜಿ ಒಪ್ಪಲಿಲ್ಲ. ಕಾಂಗ್ರೆಸನ್ನೂ ಶಾಸಕ ಸ್ಥಾನವನ್ನೂ ಬಿಟ್ಟರು. ದೇಶಕ್ಕೆ ದೇಶವೇ ಚಳವಳಿಗೆ ಧುಮುಕಿ, ನಾಯಕರೆಲ್ಲ ಜೈಲಿನಲ್ಲಿದ್ದಾಗ ರಾಜಾಜಿ ಹೊರಗಿದ್ದರು. ಅವರನ್ನು ದ್ರೋಹಿ ಎಂದವರಿದ್ದರು. ಹೋದಲ್ಲೆಲ್ಲ ಪ್ರತಿಭಟನೆ ಎದುರಿಸಿದರು. ಅವರ ನಿಲುವು ಸರಿಯೋ ತಪ್ಪೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಆ ತೀರ್ಪು ಕೊಡುವ ಪಾಂಡಿತ್ಯ ನನ್ನಂಥವನಿಗಿಲ್ಲ.

ನನ್ನ ಗಮನ ಸೆಳೆಯುವುದು ಮುಂದಿನ ಸಂಗತಿ. 1943ರ ಫೆಬ್ರವರಿಯಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿತರಾಗಿದ್ದ ಗಾಂಧೀಜಿ ಮತ್ತೆ 21 ದಿನಗಳ ಉಪವಾಸ ಹೂಡಿದರು. ಬದುಕುವ ಭರವಸೆಯೇ ಕ್ಷೀಣಿಸಿತ್ತು. ಅವರನ್ನು ಕಾಣಲು ಹೋದವರಲ್ಲಿ ರಾಜಾಜಿಯೂ ಇದ್ದರು. ಯಾವ ಚಳವಳಿಯನ್ನು ಒಪ್ಪದೆ ಹೊರನಡೆದಿದ್ದರೋ ಆ ಚಳವಳಿಯ ನಾಯಕನ ಹಾಸಿಗೆಯ ಪಕ್ಕ ಕುಳಿತರು. ಅಲ್ಲಿಯೇ, ಹಿಂದೂ ಮುಸ್ಲಿಂ ರಾಜಿಗಾಗಿ ತಾವು ಸಿದ್ಧಪಡಿಸಿದ ಸೂತ್ರವನ್ನು ಗಾಂಧೀಜಿಯ ಮುಂದಿಟ್ಟರು. ಗಾಂಧೀಜಿ ಸಮ್ಮತಿಸಿದರು. ಒಂದು ವರ್ಷದ ಹಿಂದೆ ಸಭೆಯಲ್ಲಿ ಸೋತ ಮನುಷ್ಯನ ಮಾತು, ಸಂಬಂಧ ಕಡಿಯದೆ ಉಳಿದ ಕಾರಣ, ಇನ್ನೊಮ್ಮೆ ಆಲಿಸಲ್ಪಟ್ಟಿತು.

ಆ ಸೂತ್ರದ ಆಧಾರದ ಮೇಲೆಯೇ 1944ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಲಬಾರ್ ಹಿಲ್‌ನ ಜಿನ್ನಾ ಬಂಗಲೆಯಲ್ಲಿ ಗಾಂಧಿ ಜಿನ್ನಾ ಮಾತುಕತೆ ನಡೆಯಿತು. ಎರಡು ವಾರಕ್ಕೂ ಹೆಚ್ಚು ಕಾಲ ನಡೆದು ವಿಫಲವಾಯಿತು. ದೇಶ ಒಡೆಯುವುದನ್ನು ಈ ಪ್ರಯತ್ನ ತಡೆಯಲಿಲ್ಲ. ಒಳ್ಳೆಯ ಸಂಬಂಧವಿದ್ದ ಮಾತ್ರಕ್ಕೆ ಎಲ್ಲ ಕೆಲಸ ಕೈಗೂಡುತ್ತದೆ ಎಂದಲ್ಲ. ಆದರೆ ಮಾತುಕತೆ ಎಂಬುದು ನಡೆದದ್ದಕ್ಕೆ ರಾಜಾಜಿಯ ಓಡಾಟವೂ ಒಂದು ಕಾರಣ.

ಬೇಡವೆಂದ ಊರಿನಲ್ಲಿ ರಾಜ್ಯಪಾಲ

1947ರ ಆಗಸ್ಟ್ 15ರಂದು ರಾಜಾಜಿ ಪಶ್ಚಿಮ ಬಂಗಾಳದ ಮೊದಲ ರಾಜ್ಯಪಾಲರಾದರು. ಬಂಗಾಳಿಗಳಿಗೆ ಅದು ಒಪ್ಪಿಗೆಯಿರಲಿಲ್ಲ. ಸುಭಾಷಚಂದ್ರ ಬೋಸ್ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ರಾಜಾಜಿ ಅವರನ್ನು ವಿರೋಧಿಸಿದ್ದರು. ಸುಭಾಷರ ಅಣ್ಣ ಶರತ್‌ಚಂದ್ರ ಬೋಸ್ ಈ ನೇಮಕವನ್ನು ಖಂಡಿಸಿದರು. ಕಲ್ಕತ್ತಾ ನಗರವೋ ಹಿಂದಿನ ವರ್ಷದಿಂದಲೇ ಹಿಂದೂ ಮುಸ್ಲಿಂ ಗಲಭೆಯಲ್ಲಿ ಬೇಯುತ್ತಿತ್ತು. ಗಾಂಧೀಜಿ ಬೇಲಿಯಾಘಾಟದ ಹಳೆಯ ಮನೆಯೊಂದರಲ್ಲಿ ಮುಸ್ಲಿಂ ಲೀಗ್‌ನ ಸುಹ್ರವರ್ದಿಯವರನ್ನು ಜೊತೆಗಿಟ್ಟುಕೊಂಡು ತಂಗಿದ್ದರು. ಸೆಪ್ಟೆಂಬರ್ 1ರಂದು ಅವರು ಉಪವಾಸ ಆರಂಭಿಸಿದಾಗ ರಾಜ್ಯಪಾಲರೇ ಅಲ್ಲಿಗೆ ಹೋಗಿ ವಾದಿಸಿದರು. ಗೂಂಡಾಗಳ ವಿರುದ್ಧ ಉಪವಾಸದಿಂದ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಗಾಂಧೀಜಿ ಜಗ್ಗಲಿಲ್ಲ. ಸೆಪ್ಟೆಂಬರ್ 4ರಂದು ಎಲ್ಲ ಸಮುದಾಯಗಳ ಮುಖಂಡರು ಬಂದು ಶಾಂತಿಯ ವಚನ ಕೊಟ್ಟ ಮೇಲೆ ಉಪವಾಸ ಕೊನೆಗೊಂಡಿತು. ಈ ಬಾರಿ ವಾದದಲ್ಲಿ ಸೋತವರು ರಾಜಾಜಿ. ಸೋಲಿನಿಂದ ಅವರಿಗೆ ಬೇಸರವೇನೂ ಆಗಲಿಲ್ಲ. ಊರು ಉಳಿಯಿತಲ್ಲ ಎಂಬುದೇ ದೊಡ್ಡದಾಗಿತ್ತು.

1948ರ ಜೂನ್ 21ರಂದು ಮೌಂಟ್‌ಬ್ಯಾಟನ್ ಅವರ ಬಳಿಕ ರಾಜಾಜಿ ಗವರ್ನರ್ ಜನರಲ್ ಆದರು. 1950ರ ಜನವರಿ 26ರಂದು ಗಣರಾಜ್ಯ ಬಂದಾಗ ಆ ಹುದ್ದೆಯೇ ಮುಗಿಯಿತು. ಅವರ ಮಗಳ ಮಗ ಗೋಪಾಲಕೃಷ್ಣ ಗಾಂಧಿ 2004ರಿಂದ 2009ರವರೆಗೆ ಅದೇ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಇಬ್ಬರ ನಡುವೆ ಉಳಿದ ಗುಟ್ಟು

1949ರ ಮೇ ತಿಂಗಳು. ಗವರ್ನರ್ ಜನರಲ್ ರಾಜಾಜಿ ತಿರುವಣ್ಣಾಮಲೈಗೆ ಬಂದಿದ್ದಾಗ ಪೆರಿಯಾರ್ ಹೋಗಿ ಅವರನ್ನು ಏಕಾಂತದಲ್ಲಿ ಕಂಡರು. ಕೆಲವೇ ವಾರಗಳಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದ ಪೆರಿಯಾರ್ ತಮಗಿಂತ ತೀರ ಕಿರಿಯರಾದ ಮಣಿಯಮ್ಮೈ ಅವರನ್ನು ವಿವಾಹವಾದರು. ದ್ರಾವಿಡ ಕಳಗದಲ್ಲಿ ಬಿರುಗಾಳಿ ಎದ್ದಿತು. ಅಣ್ಣಾದುರೈ ಮತ್ತು ಸಂಗಡಿಗರು ಹೊರಬಂದು ಸೆಪ್ಟೆಂಬರಿನಲ್ಲಿ ಡಿಎಂಕೆ ಸ್ಥಾಪಿಸಿದರು. ಜೀವಮಾನದ ರಾಜಕೀಯ ಎದುರಾಳಿಯ ಬಳಿ ಪೆರಿಯಾರ್ ಏನು ಮಾತನಾಡಿದರು, ಅವರು ಏನು ಸಲಹೆ ಕೊಟ್ಟರು ಎಂದು ಊರೆಲ್ಲ ಗುಸುಗುಸು. ಪಕ್ಷ ಒಡೆಯಲು ರಾಜಾಜಿಯೇ ಸೂತ್ರ ಹಿಡಿದರು ಎಂಬ ಆರೋಪವೂ ಬಂತು.

ರಾಜಾಜಿಯಂಥ ಚತುರ ರಾಜಕಾರಣಿಗೆ ಒಂದು ಹೇಳಿಕೆ ಕೊಟ್ಟರೆ ಸಾಕಿತ್ತು, ಆರೋಪದಿಂದ ಪಾರಾಗಬಹುದಿತ್ತು. ಪೆರಿಯಾರ್ ಅವರಿಗೂ ಪಕ್ಷದ ಮುಂದೆ ವಿವರಿಸಿದ್ದರೆ ಅನುಕೂಲವಾಗುತ್ತಿತ್ತೇನೋ. ಇಬ್ಬರೂ ಬಾಯಿ ಬಿಡಲಿಲ್ಲ. ಅದು ಗೆಳೆಯರಿಬ್ಬರ ಸ್ವಂತ ಮಾತು ಎಂದೇ ಉಳಿಯಿತು. ಒಂದು ದೂರವಾಣಿ ಸಂಭಾಷಣೆಯನ್ನು ಧ್ವನಿಮುದ್ರಿಸಿ ಹತ್ತು ಕಡೆ ಹರಿಯಬಿಡುವ ನಮ್ಮ ಕಾಲಕ್ಕೆ ಈ ಮೌನದ ಬೆಲೆ ತಿಳಿಯಬೇಕು. ಎದುರು ಪಕ್ಷದವರೂ ನಂಬಿ ಬಂದು ಮನೆಯ ವಿಷಯ ಹೇಳಿಕೊಳ್ಳಬಹುದಾದ ಮನುಷ್ಯನಾಗುವುದು ಸುಲಭವಲ್ಲ.

ಇಷ್ಟೆಲ್ಲ ಆದರೂ ರಾಜಕೀಯದಲ್ಲಿ ಪೆರಿಯಾರ್ ಕಿಂಚಿತ್ತೂ ರಿಯಾಯಿತಿ ತೋರಿಸಲಿಲ್ಲ. 1952ರಲ್ಲಿ ರಾಜಾಜಿ ಮದರಾಸಿನ ಮುಖ್ಯಮಂತ್ರಿಯಾದರು. 1953ರಲ್ಲಿ ಪ್ರಾಥಮಿಕ ಶಾಲೆ ಅರ್ಧ ದಿನ, ಉಳಿದ ಹೊತ್ತು ಮನೆಯ ಕಸುಬು ಕಲಿಕೆ ಎಂಬ ಯೋಜನೆ ತಂದರು. ಇದ್ದ ಶಾಲೆ, ಇದ್ದ ಶಿಕ್ಷಕರಲ್ಲೇ ಇಮ್ಮಡಿ ಮಕ್ಕಳಿಗೆ ಪಾಠ ಸಿಗಲಿ ಎಂಬುದು ಅವರ ಲೆಕ್ಕ. ಆದರೆ ಕುಂಬಾರನ ಮಗ ಕುಂಬಾರನಾಗಿ, ಕ್ಷೌರಿಕನ ಮಗ ಕ್ಷೌರಿಕನಾಗಿ ಉಳಿಯಲಿ ಎಂದೇ ಜನ ಅದನ್ನು ಅರ್ಥ ಮಾಡಿಕೊಂಡರು. ಪೆರಿಯಾರ್ ಮತ್ತು ಡಿಎಂಕೆ ಉಗ್ರವಾಗಿ ವಿರೋಧಿಸಿದರು. ಕಾಂಗ್ರೆಸ್ಸಿನೊಳಗೂ ಅಸಮಾಧಾನ ಬೆಳೆಯಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಕೆಳಗಿಳಿದರು. ಮುಖ್ಯಮಂತ್ರಿಯಾದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ನನ್ನಂಥವರಿಗೆ ಆ ವಿರೋಧದ ಹಿಂದಿನ ನೋವು ಅರ್ಥವಾಗುತ್ತದೆ. ಓದಿನ ಹೊತ್ತು ಕಡಿಮೆಯಾದರೆ ಬಡವನ ಮಗನಿಗೆ ಆಗುವ ನಷ್ಟ ಎಷ್ಟೆಂದು ಅನುಭವಿಸಿದವರಿಗೇ ಗೊತ್ತು. ರಾಜಾಜಿ ಈ ವಿಷಯದಲ್ಲಿ ಎಡವಿದರೆಂದೇ ನನ್ನ ಭಾವನೆ. ಅವರನ್ನು ಇಲ್ಲಿ ನೆನೆಯುತ್ತಿರುವುದು ಅವರು ಎಲ್ಲದರಲ್ಲೂ ಸರಿಯಾಗಿದ್ದರು ಎಂಬ ಕಾರಣಕ್ಕಲ್ಲ.

ನೆಹರೂ ಜೊತೆಗೆ ಹೋರಾಟ, ನೆಹರೂ ಜೊತೆಗೆ ಕೆಲಸ

1950ರಲ್ಲಿ ರಾಜಾಜಿಯನ್ನೇ ಮೊದಲ ರಾಷ್ಟ್ರಪತಿ ಮಾಡಬೇಕೆಂದು ನೆಹರೂ ಬಯಸಿದ್ದರು. ಅದು ಕೈಗೂಡಲಿಲ್ಲ. ಸರ್ದಾರ್ ಪಟೇಲರ ನಿಧನದ ಬಳಿಕ ರಾಜಾಜಿ ನೆಹರೂ ಸಂಪುಟದಲ್ಲಿ ಗೃಹಮಂತ್ರಿಯಾಗಿದ್ದರು. 1954ರಲ್ಲಿ ಭಾರತರತ್ನ ಪಡೆದ ಮೊದಲ ಮೂವರಲ್ಲಿ ಅವರೊಬ್ಬರು. ಅಂತಹವರು ಎಂಬತ್ತು ದಾಟಿದ ಮೇಲೆ, 1959ರಲ್ಲಿ, ನೆಹರೂ ಅವರ ಆರ್ಥಿಕ ನೀತಿಯ ವಿರುದ್ಧ ಸ್ವತಂತ್ರ ಪಕ್ಷ ಕಟ್ಟಿದರು. ಸಹಕಾರಿ ಬೇಸಾಯ ಬೇಡ, ಪರ್ಮಿಟ್ ಲೈಸೆನ್ಸ್ ರಾಜ್ಯ ಬೇಡ ಎಂಬುದು ಅವರ ಘೋಷಣೆ. ಮುಂಬಯಿಯ ಮೀನೂ ಮಸಾನಿ, ಕನ್ಹಯ್ಯಾಲಾಲ್ ಮುನ್ಶಿ ಜೊತೆಗಿದ್ದರು. 1962ರ ಚುನಾವಣೆಯಲ್ಲಿ 18, 1967ರಲ್ಲಿ 44 ಲೋಕಸಭಾ ಸ್ಥಾನ ಗೆದ್ದ ಪಕ್ಷ ಅದು. ತಮ್ಮ 'ಸ್ವರಾಜ್ಯ' ಪತ್ರಿಕೆಯಲ್ಲಿ ವಾರವಾರವೂ ರಾಜಾಜಿ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಇದೇ ಕಾಲದ ಒಂದು ಘಟನೆ ಕನ್ನಡಿಗರಾದ ನಾವು ತಿಳಿದಿರಬೇಕಾದದ್ದು. 1962ರ ಸೆಪ್ಟೆಂಬರಿನಲ್ಲಿ ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿರೆಂದು ಕೇಳಲು ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗವೊಂದು ಅಮೆರಿಕೆಗೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡಿತು. ನಿಯೋಗದ ಹಿರಿಯರು 83 ವರ್ಷದ ರಾಜಾಜಿ. ಜೊತೆಗಿದ್ದವರು ಧಾರವಾಡದ ರಂಗನಾಥ ದಿವಾಕರರು ಮತ್ತು ಮಂಗಳೂರು ಮೂಲದ ಬೆನಗಲ್ ಶಿವರಾಯರು. ದಿವಾಕರರು ಹಳೆಯ ಕಾಂಗ್ರೆಸ್ಸಿಗರು, ನೆಹರೂ ಸರಕಾರದಲ್ಲಿ ಮಂತ್ರಿಯಾಗಿದ್ದವರು. ರಾಜಾಜಿ ಆ ಪಕ್ಷವನ್ನು ಕೆಳಗಿಳಿಸಲು ಪಣ ತೊಟ್ಟವರು. ಅದೇ ವರ್ಷದ ಆರಂಭದಲ್ಲಿ ಚುನಾವಣೆಯ ಕಣದಲ್ಲಿ ಎದುರು ಬದುರಾಗಿದ್ದ ಪಕ್ಷಗಳವರು ಮನುಕುಲದ ಪ್ರಶ್ನೆ ಬಂದಾಗ ಒಂದೇ ವಿಮಾನ ಹತ್ತಿದರು. ಮರುವರ್ಷ ಅಮೆರಿಕ, ರಷ್ಯಾ, ಬ್ರಿಟನ್ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಅದಕ್ಕೆ ಬೇರೆ ಹಲವು ಕಾರಣಗಳಿದ್ದವು, ಆದರೂ ಕೇಳಬೇಕಾದ ಹೊತ್ತಿನಲ್ಲಿ ಈ ಮುದುಕರು ಹೋಗಿ ಕೇಳಿದ್ದರು.

1964ರ ಏಪ್ರಿಲ್‌ನಲ್ಲಿ ಶೇಖ್ ಅಬ್ದುಲ್ಲಾ ಅವರನ್ನು ನೆಹರೂ ಜೈಲಿನಿಂದ ಬಿಡುಗಡೆ ಮಾಡಿದಾಗ ಅವರದೇ ಪಕ್ಷದ ಹಲವರು ಹುಬ್ಬುಗಂಟಿಕ್ಕಿದರು. ಬೆಂಬಲಕ್ಕೆ ನಿಂತವರು ರಾಜಾಜಿ. ಶೇಖ್ ಅಬ್ದುಲ್ಲಾ ದೆಹಲಿಯಿಂದ ಮದರಾಸಿಗೆ ಬಂದು ರಾಜಾಜಿಯೊಡನೆ ಚರ್ಚಿಸಿದರು. ಐದು ವರ್ಷಗಳಿಂದ ಪತ್ರಿಕೆಯಲ್ಲಿ, ಸಭೆಯಲ್ಲಿ ಬಡಿದಾಡುತ್ತಿದ್ದ ಇಬ್ಬರು ಹಿರಿಯರು ಕಾಶ್ಮೀರದ ಶಾಂತಿಗಾಗಿ ಮತ್ತೆ ಒಂದೇ ದಿಕ್ಕಿಗೆ ನೋಡಿದರು. ಆದರೆ ಕಾಲ ಸಾಲಲಿಲ್ಲ. ಮೇ 27ರಂದು ನೆಹರೂ ತೀರಿಕೊಂಡರು. ಸತತವಾಗಿ ಟೀಕಿಸಿದ್ದ ಅದೇ 'ಸ್ವರಾಜ್ಯ' ಪತ್ರಿಕೆಯಲ್ಲಿ ರಾಜಾಜಿ ಬರೆದ ಶ್ರದ್ಧಾಂಜಲಿ, ಎದುರಾಳಿಯ ಬಗ್ಗೆ ಬರೆದದ್ದಾಗಿರಲಿಲ್ಲ. ತಮಗಿಂತ ಕಿರಿಯ, ಪ್ರೀತಿಯ ಗೆಳೆಯನೊಬ್ಬ ತಮಗಿಂತ ಮೊದಲೇ ಹೋದ ದುಃಖ ಅದರಲ್ಲಿತ್ತು.

ನಿಲುವುಗಳು ಬದಲಾದವು, ಮನುಷ್ಯರು ಉಳಿದರು

1938ರಲ್ಲಿ ಹಿಂದಿ ಕಡ್ಡಾಯ ಮಾಡಿದ್ದ ರಾಜಾಜಿ 1965ರ ಹೊತ್ತಿಗೆ ಹಿಂದಿ ಹೇರಿಕೆಯ ಪ್ರಬಲ ವಿರೋಧಿಯಾಗಿದ್ದರು. 1938ರಲ್ಲಿ ಹಿಂದಿ ವಿರೋಧಿಸಿ ಜೈಲಿಗೆ ಹೋಗಿದ್ದ ಪೆರಿಯಾರ್ 1965ರಲ್ಲಿ ಕಾಮರಾಜರ ಕಾಂಗ್ರೆಸ್ಸಿನ ಬೆಂಬಲಕ್ಕೆ ನಿಂತು ಚಳವಳಿಗಾರರನ್ನು ಟೀಕಿಸಿದರು. ಕಾಲು ಶತಮಾನದಲ್ಲಿ ಇಬ್ಬರೂ ಜಾಗ ಬದಲಾಯಿಸಿದ್ದರು. ಹಳೆಯ ನಿಲುವಿಗಾಗಿ ಇವರು ಅಂದೇ ಸ್ನೇಹ ಕಡಿದುಕೊಂಡಿದ್ದರೆ ಯಾವುದಕ್ಕಾಗಿ ಕಡಿದುಕೊಂಡಂತಾಗುತ್ತಿತ್ತು?

1967ರಲ್ಲಿ ರಾಜಾಜಿ ಡಿಎಂಕೆ ಜೊತೆ ಸೇರಿ ಕಾಂಗ್ರೆಸ್ಸನ್ನು ಸೋಲಿಸಿದರು. ಆ ಚುನಾವಣೆಯಲ್ಲಿ ಪೆರಿಯಾರ್ ಕಾಂಗ್ರೆಸ್ ಪರ ಪ್ರಚಾರ ಮಾಡಿದ್ದರು. ಗೆದ್ದ ಅಣ್ಣಾದುರೈ ಮೊದಲು ಮಾಡಿದ ಕೆಲಸಗಳಲ್ಲೊಂದು, ತಿರುಚಿನಾಪಳ್ಳಿಗೆ ಹೋಗಿ, ಹದಿನೆಂಟು ವರ್ಷಗಳ ಹಿಂದೆ ತಾವು ಬಿಟ್ಟು ಬಂದಿದ್ದ ಗುರು ಪೆರಿಯಾರ್ ಅವರನ್ನು ಕಂಡು ಬಂದದ್ದು. ಆ ನಾಡಿನ ಆ ತಲೆಮಾರಿನಲ್ಲಿ ಇಂಥ ಸ್ನೇಹಾಚಾರ ರಾಜಾಜಿಯೊಬ್ಬರ ಸೊತ್ತಾಗಿರಲಿಲ್ಲ.

ಕಾಮರಾಜರೊಡನೆ ರಾಜಾಜಿಯ ಜಗಳ ದಶಕಗಳಷ್ಟು ಹಳೆಯದು, ಸಾಕಷ್ಟು ಕಹಿಯೂ ಆದದ್ದು. ಆ ಕಹಿ ಬೇಗ ಕರಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ 1971ರ ಚುನಾವಣೆಯಲ್ಲಿ ಅವರಿಬ್ಬರೂ ಒಂದೇ ಕೂಟದಲ್ಲಿದ್ದರು. ಆ ಕೂಟ ಸೋತಿತು, ಡಿಎಂಕೆ ಗೆದ್ದಿತು. ಅದೇ ವರ್ಷ ಮುಖ್ಯಮಂತ್ರಿ ಕರುಣಾನಿಧಿ ಪಾನನಿಷೇಧ ಸಡಿಲಿಸಲು ಹೊರಟಾಗ, 92 ವರ್ಷದ ರಾಜಾಜಿ ತಾವೇ ಅವರ ಮನೆಗೆ ಹೋಗಿ ಬೇಡವೆಂದು ವಿನಂತಿಸಿದರು. ಕೆಲವು ತಿಂಗಳ ಹಿಂದೆ ಸೋಲಿಸಲು ಶ್ರಮಿಸಿದ್ದ ವ್ಯಕ್ತಿಯ ಮನೆಯ ಮೆಟ್ಟಿಲು ಹತ್ತಲು ಅವರಿಗೆ ಅಭಿಮಾನ ಅಡ್ಡಬರಲಿಲ್ಲ. ಬೇಡಿಕೆ ಈಡೇರಲಿಲ್ಲ. ಸಾರಾಯಿ ಅಂಗಡಿಗಳು ತೆರೆದವು. ಹೋಗಿ ಕೇಳಿದ ಗೌರವ ಮಾತ್ರ ಅವರಿಗೆ ಉಳಿಯಿತು.

ಗಾಲಿಕುರ್ಚಿಯಲ್ಲಿ ಬಂದ ಗೆಳೆಯ

1972ರ ಡಿಸೆಂಬರ್ 25ರಂದು ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ರಾಜಾಜಿ ಕೊನೆಯುಸಿರೆಳೆದರು. ವಯಸ್ಸು 94. ಅಂತ್ಯಸಂಸ್ಕಾರಕ್ಕೆ 93 ವರ್ಷದ ಪೆರಿಯಾರ್ ಗಾಲಿಕುರ್ಚಿಯಲ್ಲಿ ಬಂದರು. ದೇವರಿಲ್ಲ, ಆತ್ಮವಿಲ್ಲ, ಕರ್ಮಾಂತರ ಬೇಡವೆಂದು ಅರ್ಧ ಶತಮಾನ ಸಾರಿದವರು ಒಬ್ಬ ಶ್ರದ್ಧಾವಂತ ಅಯ್ಯಂಗಾರ್ಯರ ಚಿತೆಯ ಬಳಿ ಕುಳಿತು ಮಗುವಿನಂತೆ ಅತ್ತರು. ಅವರು ತಮ್ಮ ತತ್ವ ಬಿಟ್ಟಿರಲಿಲ್ಲ. ರಾಜಾಜಿಯೂ ತಮ್ಮ ಭಕ್ತಿಯನ್ನು ಅವರಿಗಾಗಿ ಬಿಟ್ಟಿರಲಿಲ್ಲ. ಅಗಲಿದ್ದು ಐವತ್ತು ವರ್ಷ ಮೀರಿದ ಗೆಳೆತನ, ಅತ್ತದ್ದು ಅದಕ್ಕಾಗಿ. ಮರುವರ್ಷ ಡಿಸೆಂಬರ್ 24ರಂದು, ಗೆಳೆಯ ಹೋಗಿ ವರ್ಷ ತುಂಬಲು ಒಂದು ದಿನ ಬಾಕಿ ಇರುವಾಗ, ಪೆರಿಯಾರ್ ಕೂಡ ಹೋದರು.

ನಮಗೇನು ಪಾಠ?

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ರಾಜಾಜಿ ಎರಡು ಖಾತೆ ಇಟ್ಟಿದ್ದರು. ಒಂದು ಅಭಿಪ್ರಾಯದ ಖಾತೆ, ಇನ್ನೊಂದು ಮನುಷ್ಯರ ಖಾತೆ. ಒಂದರ ಬಾಕಿಯನ್ನು ಇನ್ನೊಂದಕ್ಕೆ ವರ್ಗಾಯಿಸಲಿಲ್ಲ. ಗೆಳೆಯ ಬೇಸರಪಟ್ಟಾನೆಂದು ಅಭಿಪ್ರಾಯ ಮುಚ್ಚಿಡಲಿಲ್ಲ, ಅಭಿಪ್ರಾಯ ಬೇರೆಯಾಯಿತೆಂದು ಗೆಳೆಯನ ಖಾತೆ ಮುಚ್ಚಲಿಲ್ಲ. ನಮ್ಮಲ್ಲಿ ಹಲವರು ಸ್ನೇಹ ಉಳಿಯಲೆಂದು ಬಾಯಿ ಮುಚ್ಚಿಕೊಳ್ಳುತ್ತೇವೆ, ಇಲ್ಲವೇ ಬಾಯಿ ತೆರೆದು ಸ್ನೇಹ ಕಳೆದುಕೊಳ್ಳುತ್ತೇವೆ. ಮೂರನೆಯ ದಾರಿಯೂ ಇದೆ ಎಂಬುದಕ್ಕೆ ಈ ಬಾಳು ಸಾಕ್ಷಿ.

ಆ ದಾರಿಯಲ್ಲಿ ನಡೆಯಲು ದೊಡ್ಡ ವಿದ್ಯೆ ಬೇಕಿಲ್ಲ. ಅವರು ಮಾಡಿದ್ದೆಲ್ಲ ನಾವೂ ಮಾಡಬಹುದಾದದ್ದೇ. ಕಾಯಿಲೆ ಬಿದ್ದಾಗ ಹೋಗಿ ನೋಡಿದರು. ನಂಬಿ ಹೇಳಿದ ಮಾತನ್ನು ಹೊರಗೆ ಆಡಲಿಲ್ಲ. ಕೇಳುವುದಿದ್ದರೆ ಮನೆಗೇ ಹೋಗಿ ಕೇಳಿದರು. ಸೋತಾಗ ಸೇಡು ಕಟ್ಟಿಕೊಳ್ಳಲಿಲ್ಲ. ಸತ್ತಾಗ ಒಳ್ಳೆಯ ಮಾತು ಬರೆದರು. ಅವರ ಗೆಳೆಯರೂ ಅವರಿಗೆ ಅಷ್ಟೇ ಮಾಡಿದರು.

ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ವಾದ ಇರಲಿ, ಮತದಾನ ಇರಲಿ, ಎರಡು ಬಣವೂ ಇರಲಿ. ಸಭೆ ಮುಗಿದ ಮೇಲೆ ಊಟದ ಪಂಕ್ತಿ ಮಾತ್ರ ಒಂದೇ ಇರಲಿ. ರಾಜಕೀಯದ ಮಾತಿನಿಂದ ಮನಸ್ಸು ಮುರಿದುಕೊಂಡು ನಿಮ್ಮಿಂದ ದೂರವಾದ ಒಬ್ಬರಾದರೂ ಇದ್ದಾರು. ಈ ಡಿಸೆಂಬರಿನಲ್ಲಿ ರಾಜಾಜಿ ಸ್ಮರಣೆಗೆ ಹಾರ, ಭಾಷಣ ಏನೂ ಬೇಡ. ಅವರಿಗೊಂದು ಫೋನ್ ಮಾಡಿ. ಯಾವ ಪಕ್ಷ ಗೆದ್ದೀತು ಎಂದು ಕೇಳಬೇಡಿ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿ.